ಬೊಟ್ಟಿಲ್ಲದ ಪುಟ

ನಂದಾ ಮತ್ತು ಊರ್ಮಿಳಾ ಇಪ್ಪತ್ನಾಲ್ಕು ವರ್ಷಗಳಿಂದ ಒಂದೇ ಪುಸ್ತಕ ಬರೆಯುತ್ತಿದ್ದರು. ಜೊತೆಗೆ ಕೂತು ಬರೆಯುವಷ್ಟು ಪುಣ್ಯ ಇಬ್ಬರಿಗೂ ಇರಲಿಲ್ಲ. ಒಬ್ಬಳು ಕುಂದಗೋಳದ ಹತ್ತಿರದ ಕುಬಿಹಾಳದಲ್ಲಿ, ಇನ್ನೊಬ್ಬಳು ಗಂಡನ ರೈಲ್ವೆ ನೌಕರಿಯ ಹಿಂದೆ ಹೋಗಿ ಮಹಾರಾಷ್ಟ್ರದ ಭುಸಾವಳದಲ್ಲಿ. ಎರಡು ತಿಂಗಳು ಇವಳ ಪಾಳಿ, ಎರಡು ತಿಂಗಳು ಅವಳ ಪಾಳಿ. ನಡುವೆ ಟಪಾಲಿನ ಚೀಲ. ಹೋಗುತ್ತಾ ಬರುತ್ತಾ ಇರುವ ಆ ಗಂಟಿಗೆ ಅವರಿಟ್ಟ ಹೆಸರು ‘ಬುತ್ತಿ’. ಮೂರು ದಪ್ಪ ರಜಿಸ್ಟರುಗಳು ತುಂಬಿ ನಂದಾಳ ಟ್ರಂಕಿನಲ್ಲಿದ್ದವು. ಈಗ ನಡೆಯುತ್ತಿದ್ದುದು ನಾಲ್ಕನೆಯದು.

ಅದರೊಳಗೆ ಏನಿರುತ್ತಿತ್ತು ಎಂದು ಕೇಳುವುದಕ್ಕಿಂತ ಏನಿರುತ್ತಿರಲಿಲ್ಲ ಎಂದು ಕೇಳುವುದು ಸುಲಭ. ನಂದಾ ಊರಿನ ಹೆಂಗಸರ ಕುಪ್ಪಸ ಹೊಲಿಯುವವಳು. ಹೊಲಿದ ಪ್ರತಿಯೊಂದು ಕುಪ್ಪಸದ ಬೆರಳಗಲ ಅರಿವೆ ಅಂಟಿಸಿ, ಅದನ್ನು ಹಾಕಿಕೊಂಡವಳ ಸುದ್ದಿ ಬಾಜೂಕೆ ಬರೆಯುತ್ತಿದ್ದಳು. ಮಗಳು ಶೈಲಾಳ ಜವುಳದ ಕೂದಲು ಎರಡನೇ ಬುತ್ತಿಯಲ್ಲಿ ಇಂದಿಗೂ ಇದೆ. ಊರ್ಮಿಳಾ ರೈಲಿನ ಟಿಕೀಟು, ಬಾಳೆಯ ನಾರು, ಮರಾಠಿ ಪೇಪರಿನ ತುಂಡು ಅಂಟಿಸಿ, ಅದರ ಸುತ್ತ ಕನ್ನಡದಲ್ಲಿ ಎಲ್ಲರನ್ನೂ ಬೈದು ಬರೆಯುತ್ತಿದ್ದಳು. ಹೊಸದಾಗಿ ಕಲಿತ ಮಸಾಲೆಯ ಚಿಟಿಕೆಯನ್ನೂ ಒಮ್ಮೆ ಅಂಟಿಸಿದ್ದಳು. ಆ ಪುಟ ಇನ್ನೂ ಘಾಟು ಹೊಡೆಯುತ್ತದೆ.

ಬುತ್ತಿಗೆ ಕಾಯಿದೆಗಳೂ ಇದ್ದವು. ಮೊದಲನೆಯದು, ಬುತ್ತಿಯ ಮಾತನ್ನು ಫೋನಿನಲ್ಲಿ ಎತ್ತಬಾರದು. ಫೋನು ಬಂದ ಹೊಸದರಲ್ಲೇ ಇಬ್ಬರಿಗೂ ತಿಳಿದುಹೋಗಿತ್ತು, ಅದಕ್ಕೆ ಯಾವತ್ತೂ ನಾಲ್ಕು ಕಿವಿ ಹೆಚ್ಚು. ರವಿವಾರ ಹತ್ತು ಗಂಟೆಗೆ ಫೋನು ಮಾಡಿ, ಅಡಿಗೆ ಏನು, ಮಳೆ ಹೆಂಗ ಎಂದು ಕೇಳಿ ಇಟ್ಟುಬಿಡುತ್ತಿದ್ದರು.

ಎರಡನೆಯದು ಮುಚ್ಚಿದ ಹಾಳೆಯ ಕಾಯಿದೆ. ಹೇಳಲಿಕ್ಕೂ ಆಗದ, ಎದೆಯಲ್ಲಿ ಇಟ್ಟುಕೊಳ್ಳಲಿಕ್ಕೂ ಆಗದ ಮಾತು ಇರುತ್ತದಲ್ಲ, ಅದನ್ನು ಬರೆದು, ಆ ಹಾಳೆಯನ್ನು ಮುಂದಿನ ಹಾಳೆಗೆ ಅಂಟಿಸಿಬಿಡುವುದು. ಮೇಲಿನ ಮೂಲೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು. ಇನ್ನೊಬ್ಬಳು ಅದನ್ನು ಬಿಡಿಸಬಾರದು, ಏನೆಂದು ಕೇಳಬಾರದು. ಅದರ ಮೇಲೆ ಒಂದು ಗಳಿಗೆ ಅಂಗೈ ಇಟ್ಟು ಮುಂದಕ್ಕೆ ಹೋಗಬೇಕು, ಅಷ್ಟೇ. ಎರಡನೇ ಕೂಸು ಹೊಟ್ಟೆಯಲ್ಲೇ ಹೋದಾಗ ನಂದಾ ಹೀಗೆ ಒಂದು ಹಾಳೆ ಮುಚ್ಚಿದ್ದಳು. ಊರ್ಮಿಳಾ ಇವತ್ತಿನವರೆಗೆ ಅದರೊಳಗೆ ಏನಿದೆ ಎಂದು ಕೇಳಿಲ್ಲ. ಆ ಕೇಳದಿರುವಿಕೆಯಿಂದ ನಂದಾಳಿಗೆ ಆದ ಸಮಾಧಾನ, ಊರಿನವರೆಲ್ಲ ಬಂದು ಹೇಳಿದ ಸಾಂತ್ವನದಿಂದ ಆಗಿರಲಿಲ್ಲ.

ಓದಿದವಳು ಕೂಡ ಹಾಳೆ ಮುಚ್ಚಬಹುದಿತ್ತು. ಹಾಗೆ ಮುಚ್ಚಿದರೆ, ‘ಓದಿದೆ, ಈ ಮಾತು ಇಲ್ಲಿಗೆ ಸಾಕು’ ಎಂದು ಅರ್ಥ. ಅದು ಇಪ್ಪತ್ನಾಲ್ಕು ವರ್ಷದಲ್ಲಿ ಒಂದೇ ಸಲ ನಡೆದಿತ್ತು. ನಂದಾ ಸಿಟ್ಟಿನಲ್ಲಿ ತೀರಿಹೋದ ತನ್ನ ತಾಯಿಗೇ ಬಾಯಿಗೆ ಬಂದಂತೆ ಬರೆದಿದ್ದಳು. ಊರ್ಮಿಳಾ ಆ ಪುಟ ಅಂಟಿಸಿ, ಬೊಟ್ಟಿಟ್ಟು ಕಳಿಸಿದ್ದಳು. ಬೊಟ್ಟು ಇತ್ತು, ಆದ್ದರಿಂದ ನಂದಾಳಿಗೆ ಅದು ಬೈಗುಳ ಅನಿಸಲಿಲ್ಲ. ತಲೆ ನೇವರಿಸಿದಂತೆ ಅನಿಸಿತ್ತು.

ಇಷ್ಟೆಲ್ಲ ಕಟ್ಟುಪಾಡು ಕೇಳಿ ನಂದಾ ಭಾರೀ ನೇಮದ ಹೆಂಗಸು ಎಂದು ನೀವು ತಿಳಿದೀರಿ. ಹಾಗೇನೂ ಇಲ್ಲ. ಅವಳ ನೇಮ ಅವಳಿಗೆ ಅನುಕೂಲವಾಗುವಷ್ಟೇ ಇತ್ತು, ನಮ್ಮ ನಿಮ್ಮ ಹಾಗೆ.

ಈ ವರ್ಷ ಏಪ್ರಿಲ್‌ನಲ್ಲಿ ಬಂದ ಬುತ್ತಿಯ ಕೊನೆಯ ಪುಟದಲ್ಲಿ ಊರ್ಮಿಳಾ ಬರೆದಿದ್ದಳು: “ಇವರ ಕೈ ಈಗ ಭಾಳ ಲಗೂ ಏಳ್ತದ. ಅಣ್ಣಗ ಹೇಳಿದೆ. ಅವ್ವನ ಜವಾಬ್ದಾರಿನೂ ಅಂವನ ಮ್ಯಾಲನ ಅದ. ನೀ ಹೊಂದಿಕೊಂಡು ಹೋಗು ಅಂದ. ಮುಂದಿನ ಸಲ ನಿನಗೊಂದು ಮಾತು ಕೇಳ್ತೀನಿ ನಂದೀ. ಈಗ ಧೈರ್ಯ ಇಲ್ಲ.”

ಇದನ್ನು ಓದಿ ನಂದಾ ಅತ್ತದ್ದು ನಿಜ. ಅತ್ತು ಮುಗಿದ ಮೇಲೆ ಹೆದರಿದ್ದೂ ಅಷ್ಟೇ ನಿಜ. ಊರ್ಮಿಳಾ ಏನು ಕೇಳುತ್ತಾಳೆ ಎಂದು ಅವಳಿಗೆ ಹೆಚ್ಚುಕಡಿಮೆ ಗೊತ್ತಿತ್ತು. ಶೈಲಾಳಿಗೆ ಅಣ್ಣಿಗೇರಿಯ ಒಳ್ಳೆಯ ಮನೆತನದಿಂದ ಸಂಬಂಧ ಕೂಡಿಬರುವುದರಲ್ಲಿತ್ತು. ಆ ಹೊತ್ತಿನಲ್ಲಿ ಗಂಡನನ್ನು ಬಿಟ್ಟು ಬಂದ ಹೆಂಗಸು ಮನೆಯಲ್ಲಿದ್ದರೆ ಬೀಗರು ಏನೆಂದಾರು? ಅತ್ತೆ ನೀಲಕ್ಕನ ಬಾಯಿ ಮೊದಲೇ ದೊಡ್ಡದು. ನಂದಾ ಜೂನ್‌ನಲ್ಲಿ ಬುತ್ತಿ ತಿರುಗಿ ಕಳಿಸುವಾಗ “ತಾಳ್ಮಿ ತಗೋ ಊರ್ಮೀ” ಎಂದು ಒಂದು ಸಾಲು ಬರೆದು, ಉಳಿದ ಏಳು ಪುಟ ಬೇರೆ ಸುದ್ದಿ ತುಂಬಿದಳು.

ಶ್ರಾವಣದಲ್ಲಿ ಬುತ್ತಿ ಮತ್ತೆ ಬಂತು. ಟಪಾಲು ಕೊಡುವ ಮುಸ್ತಫಾ ಕಟ್ಟೆಯ ಮೇಲೆ ಕೊಡೆ ಮಡಚಿಟ್ಟು, ಪಾಕೀಟನ್ನು ತನ್ನ ಅಂಗಿಯಿಂದಲೇ ಒರೆಸಿ ಕೊಟ್ಟ.

“ಅಕ್ಕಾರ, ಒಂದು ಮೂಲಿ ತೊಯ್ದೈತ್ರಿ. ಹಾಳಿ ಹತಗೊಂಡಾವೇನ ನೋಡಿ ಬಿಡಿಸಿ ಒಣಗಸ್ರಿ.”

“ಆತು ತಮ್ಮಾ, ನೋಡ್ತೀನಿ,” ಎಂದಳು ನಂದಾ.

ಹೊಲಿಗೆ ಮಶೀನಿನ ಹಲಗೆಯ ಮೇಲೆ ಇಟ್ಟು ತೆರೆದಳು. ಊರ್ಮಿಳಾ ಬರೆದ ಒಂಬತ್ತು ಪುಟ ಚೆನ್ನಾಗಿದ್ದವು. ಆಮೇಲಿನ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ನಂದಾ ಅಂಗೈ ಇಟ್ಟಳು. ಆಮೇಲೆ ಮೂಲೆ ನೋಡಿದಳು. ಬೊಟ್ಟು ಇರಲಿಲ್ಲ. ಹಿಂದೆ ತಿರುವಿ ನೋಡಿದಳು, ಅಲ್ಲಿಯೂ ಇರಲಿಲ್ಲ. ಬೆಳಕಿಗೆ ಹಿಡಿದರೆ ಒಳಗೆ ನೀಲಿ ಶಾಯಿಯ ಸಾಲುಗಳ ನೆರಳು ಕಾಣುತ್ತಿತ್ತು.

“ಹಚ್ಚೂದು ಮರತಿರಬೇಕು,” ಎಂದು ಗಟ್ಟಿಯಾಗಿಯೇ ಅಂದಳು.

ಇಪ್ಪತ್ನಾಲ್ಕು ವರ್ಷ ಮರೆಯದವಳು ಈಗ ಹೆಂಗೆ ಮರೆತಳು ಎಂದು ಕೇಳುವವರು ಯಾರೂ ಅಲ್ಲಿರಲಿಲ್ಲ. ಕೇಳಿಕೊಳ್ಳಬೇಕಾದವಳು ಅವಳೇ. ಅವಳು ಕೇಳಿಕೊಳ್ಳಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಕೇಳಿದರೆ ತಾನೇ ಉತ್ತರ ಕೊಡಬೇಕು. ಮುಚ್ಚಿದ ಹಾಳೆಗೆ ಉತ್ತರ ಕೊಡುವ ಕಾಯಿದೆಯೇ ಇಲ್ಲ.

ಮುಂದಿನ ವಾರ ಶೈಲಾಳ ನಿಶ್ಚಯ ಸಾಂಗವಾಗಿ ಆಯಿತು. ನಂದಾ ಹಿಗ್ಗಿನಲ್ಲಿ ಆರು ಪುಟ ಬರೆದಳು. ಬೀಗರು ತಂದ ಸೀರೆಯ ಸೆರಗಿನ ಎಳೆ, ಪೇಢೆಯ ಡಬ್ಬಿಯ ಮುಚ್ಚಳ, ಗಂಡಿನ ಪಾಸ್‌ಪೋರ್ಟ್ ಸೈಜಿನ ಫೋಟೋ, ಎಲ್ಲ ಅಂಟಿಸಿದಳು. ಎರಡು ತಿಂಗಳ ಪಾಳಿ ಮುಗಿಯುವ ಮುಂಚೆಯೇ, ಗಣಪತಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಬುತ್ತಿಯನ್ನು ಭುಸಾವಳಕ್ಕೆ ಕಳಿಸಿಬಿಟ್ಟಳು.

ಆಮೇಲೆ ಊರ್ಮಿಳಾಳ ಫೋನು ಹತ್ತಲಿಲ್ಲ. ಒಂದು ರವಿವಾರ ಹೋಯಿತು, ಎರಡು ಹೋಯಿತು. ಸ್ವಿಚ್ ಆಫ್. ನಂದಾ ಗಂಡ ಕಾಶಿನಾಥನ ಮುಂದೆ ಹೇಳಿಕೊಂಡಳು.

“ಆಕಿಗೂ ಸಂಸಾರ ಐತಿ, ಮಗ ನಾಸಿಕ್‌ನ್ಯಾಗ ಓದ್ತಾನ, ಏನರ ಗಡಿಬಿಡಿ ಇರ್ತೈತಿ,” ಎಂದ ಅವನು, ಬೀಜದ ಚೀಲ ಹೊಲಿಯುತ್ತ. ಅವನಿಗೆ ಇಷ್ಟೇ ಗೊತ್ತಿತ್ತು, ಏಕೆಂದರೆ ನಂದಾ ಅವನಿಗೆ ಹೇಳಿದ್ದೂ ಇಷ್ಟೇ.

ದಸರೆ ಮುಗಿದ ಮರುದಿನ ಮುಸ್ತಫಾ ಬಂದ. “ಈ ಸಲ ಭುಸಾವಳ ಅಲ್ಲರಿ ಅಕ್ಕಾರ. ಮಿರಜದಿಂದ ಬಂದೈತಿ,” ಎಂದು ಪಾಕೀಟು ತಿರುಗಿಸಿ ತೋರಿಸಿದ. ಮಿರಜದ ಯಾವುದೋ ಹುಡುಗಿಯರ ಹಾಸ್ಟೆಲಿನ ವಿಳಾಸ. ಫೋನ್ ನಂಬರ್ ಇರಲಿಲ್ಲ. ಪಾಳಿ ಮುಗಿಯುವ ಮೊದಲೇ ಬುತ್ತಿ ಬಂದಿತ್ತು.

ನಂದಾ ನಿಂತಲ್ಲೇ ಹರಿದು ತೆಗೆದಳು. ನಿಶ್ಚಯದ ಆರು ಪುಟದ ಮುಂದೆ, ಖಾಲಿ ಹಾಳೆಯ ನಡುವೆ, ಊರ್ಮಿಳಾಳ ಕೈಬರಹ:

“ನಂದೀ, ಹಾಳಿ ಮುಚ್ಚಿದ್ದು ನೋಡಿದೆ. ಬೊಟ್ಟು ಸುದ್ದಾ ಹಚ್ಚಿಲ್ಲ. ಅಷ್ಟು ಸಿಟ್ಟು ಬರೂ ಹಂಗ ನಾ ಏನು ಕೇಳಿದ್ದೆ? ಶೈಲಾಗ ನನ್ನ ಆಶೀರ್ವಾದ. ಇನ್ನ ಬುತ್ತಿ ನಿನ್ನ ಕಡೇನ ಇರ್ಲಿ.”

ಎರಡು ಸಲ ಓದಬೇಕಾಯಿತು. ಊರ್ಮಿಳಾ ಆ ಹಾಳೆಯನ್ನು ಅಂಟಿಸಿರಲಿಲ್ಲ. ಮಳೆ ಅಂಟಿಸಿತ್ತು. ಅದು ಹಾಗೇ ತಿರುಗಿ ಹೋದಾಗ, ನಂದಾ ಓದಿ, ಸಿಟ್ಟಿನಿಂದ ಮುಚ್ಚಿ, ಬೊಟ್ಟೂ ಇಡದೆ ಮುಖದ ಮೇಲೆ ಎಸೆದಿದ್ದಾಳೆ ಎಂದು ಊರ್ಮಿಳಾ ತಿಳಿದಿದ್ದಳು. ಅದರ ಬೆನ್ನಿಗೇ ಪೇಢೆಯ ಡಬ್ಬಿಯ ಮುಚ್ಚಳ.

ನಂದಾ ಇಸ್ತ್ರಿಯ ವೈರನ್ನು ಪ್ಲಗ್ಗಿಗೆ ಚುಚ್ಚಿದಳು. ಒಂದು ಮಲಮಲ್ ಅರಿವೆ ನೀರಲ್ಲಿ ಅದ್ದಿ ಹಿಂಡಿ, ಹಾಳೆಯ ಮೇಲೆ ಹಾಸಿ, ಇಸ್ತ್ರಿಯನ್ನು ಮೇಲೆ ಮೇಲೆ ಆಡಿಸಿದಳು. ತುಂಬಾ ಹೊತ್ತು ಬೇಕಾಗಬಹುದು ಎಂದುಕೊಂಡಿದ್ದಳು. ಬೇಕಾಗಲಿಲ್ಲ. ಕೆಳಗಿನ ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಮಾತ್ರ ಹಿಡಿದಿತ್ತು. ಉಳಿದದ್ದು ಬರೀ ಒಂದರ ಮೇಲೊಂದು ಒತ್ತಿ ಕೂತಿತ್ತು. ಶ್ರಾವಣದಲ್ಲಿ ಒಮ್ಮೆ ಉಗುರು ತಾಗಿಸಿದ್ದರೆ ಬಿಟ್ಟುಕೊಳ್ಳುತ್ತಿತ್ತು.

“ನಂದೀ, ಕೇಳೇ ಬಿಡ್ತೀನಿ. ಗಣಪತಿ ಕಳಿಸಿದ ಮ್ಯಾಲೆ ನಿಮ್ಮ ಮನಿಗೆ ಬರ್ಲ್ಯಾ? ಒಂದೇ ತಿಂಗಳು. ಅಷ್ಟರಾಗ ಎಲ್ಲೆರೆ ಕೆಲಸ ನೋಡ್ಕೋತೀನಿ. ನಿನ್ನ ಹೊಲಿಗಿ ಖೋಲ್ಯಾಗ ಮಲ್ಕೋತೀನಿ, ಅತ್ತೀಗೆ ತ್ರಾಸ ಕೊಡೂದಿಲ್ಲ. ಆಗೂದಿಲ್ಲ ಅಂದ್ರ ಆಗೂದಿಲ್ಲ ಅಂತ ಬರಿ. ಖರೇನ ಸಿಟ್ಟು ಬರೂದಿಲ್ಲ. ಆದ್ರ ಏನರೆ ಬರಿ. ಹಂಗ ಬಿಡಬ್ಯಾಡ.”

ನಂದಾ ಮಶೀನಿನ ಮೇಲೆ ತಲೆ ಇಟ್ಟು ಅತ್ತಳು. ಪಡಸಾಲೆಯಲ್ಲಿ ಹೆಸರುಕಾಳು ಕೇರುತ್ತಿದ್ದ ನೀಲಕ್ಕ ಮೊರ ಕೆಳಗಿಟ್ಟು ಬಂದಳು. ನೀಲಕ್ಕ ಬರೀ ಅತ್ತೆಯಲ್ಲ, ನಂದಾಳ ತಂದೆಯ ತಂಗಿ. ಇದೇ ಓಣಿಯಲ್ಲಿ ಬಾಡಿಗೆಗಿದ್ದ ಬಾಳಕೃಷ್ಣ ಮಾಸ್ತರರ ಮಗಳು ಊರ್ಮಿಳಾಳನ್ನು ಅವಳು ನಾಲ್ಕನೇ ಇಯತ್ತೆ ಓದುವಾಗಿನಿಂದ ಬಲ್ಲವಳು. ನಂದಾ ಅಳುತ್ತಳುತ್ತಲೇ ಎಲ್ಲ ಹೇಳಿದಳು. ಬೊಟ್ಟಿನ ಮಾತು ಒಂದನ್ನು ಬಿಟ್ಟು.

“ಮಾಸ್ತರ ಮಗಳು ನಮ್ಮ ಮನ್ಯಾಗ ಎಷ್ಟು ಸಲ ಉಂಡಿಲ್ಲ?” ಎಂದಳು ನೀಲಕ್ಕ. “ಬಂದಿದ್ರ ಇರ್ತಿದ್ಲು. ಏನಾಕ್ಕಿತ್ತು? ನನ್ನ ಒಂದು ಮಾತು ಕೇಳಬೇಕಿಲ್ಲೇನ ನೀ?”

ಈಗ ಹಾಗೆ ಅನ್ನುವುದು ಸರಳ, ಆಗ ಏನೆನ್ನುತ್ತಿದ್ದಳೋ ಯಾರಿಗೆ ಗೊತ್ತು ಎಂದು ನಂದಾಳಿಗೆ ಅನಿಸಿತು. ಆದರೆ ಕೇಳಿರಲಿಲ್ಲ ಎನ್ನುವುದಂತೂ ಖರೆ. ಕೇಳದೆಯೇ ಅತ್ತೆಯನ್ನು ಕೆಟ್ಟವಳನ್ನಾಗಿ ಮಾಡಿಟ್ಟುಕೊಂಡಿದ್ದಳು, ತನಗೆ ಬೇಕಾಗಿತ್ತು ಎಂದು.

ಮರುದಿನ ಬೆಳಗಿನ ಜಾವ ಕಾಶಿನಾಥ ಅವಳನ್ನು ಮೋಟರ್‌ಸೈಕಲ್ ಮೇಲೆ ಹುಬ್ಬಳ್ಳಿ ಸ್ಟೇಶನ್ನಿಗೆ ಬಿಟ್ಟ. “ನಾನೂ ಬರ್ಲ್ಯಾ?” ಎಂದ. ಬೇಡ ಎಂದಳು. ಬುತ್ತಿಯನ್ನು ಚೀಲದಲ್ಲಿಡದೆ ತೊಡೆಯ ಮೇಲೆ ಇಟ್ಟುಕೊಂಡು ಮಿರಜದವರೆಗೆ ಕೂತಿದ್ದಳು. ಮಳೆ ಅಂಟಿಸಿತು, ನಾನು ಓದಲೇ ಇಲ್ಲ. ಹೇಳಬೇಕಾದದ್ದು ಇಷ್ಟೇ. ಸುಳ್ಳೂ ಅಲ್ಲ. ಬೆಳಗಾವಿ ದಾಟುವ ಹೊತ್ತಿಗೆ ಈ ಮಾತು ಬಾಯಿಪಾಠವಾಗಿತ್ತು.

ಹಾಸ್ಟೆಲಿನ ಹಿತ್ತಲ ಬಾಗಿಲಲ್ಲಿ ಊರ್ಮಿಳಾ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅಡಿಗೆಯ ಉಸ್ತುವಾರಿ ಅವಳದು, ಉಳಿಯಲು ಅಲ್ಲೇ ಒಂದು ಖೋಲಿ. ಕೂದಲು ಅರ್ಧ ಬೆಳ್ಳಗಾಗಿತ್ತು. ಎಡಗೈಯ ಕಿರುಬೆರಳು ಸೊಟ್ಟಗೆ ಕೂಡಿಕೊಂಡಿತ್ತು. ಅದು ಯಾವ ಪುಟದಲ್ಲಿಯೂ ಬರೆದಿರಲಿಲ್ಲ. ನಂದಾಳನ್ನು ಕಂಡು ಏಳಲಿಲ್ಲ.

“ಊಟ ಆಗೇದೇನು?” ಎಂದಳು, ದಾರಿಹೋಕರನ್ನು ಕೇಳುವ ಹಾಗೆ.

ನಂದಾ ಎದುರಿಗೆ ನೆಲದ ಮೇಲೆ ಕೂತು ಬುತ್ತಿ ತೆರೆದಳು. ಇಸ್ತ್ರಿಯ ಶಾಖಕ್ಕೆ ಸುಕ್ಕಾದ ಹಾಳೆ, ಕೆಳಗಿನ ಮೂಲೆಯಲ್ಲಿ ನಾಲ್ಕು ಬೆರಳಗಲ ಕಿತ್ತುಬಂದ ಕಾಗದ, ಎಲ್ಲ ತೋರಿಸಿದಳು. “ನಾ ಮುಚ್ಚಿಲ್ಲ ಊರ್ಮೀ. ಬರೂವಾಗ ಮಳ್ಯಾಗ ತೊಯ್ದು ಹತಗೊಂಡಿತ್ತು. ನೀ ಮುಚ್ಚಿದ ಹಾಳಿ ಅಂತ ಬಿಡಸಲಿಲ್ಲ. ನಿನ್ನಿ ಓದಿದೆ.”

ಊರ್ಮಿಳಾಳ ಕೈ ಸೊಪ್ಪಿನಲ್ಲೇ ನಿಂತಿತು. “ಹಂಗಾದ್ರ ನೀ ಓದೇ ಇಲ್ಲ?”

“ಇಲ್ಲ.”

“ಅಯ್ಯ ನನ್ನವ್ವ!” ಊರ್ಮಿಳಾ ಮೆಂತ್ಯದ ಕೈಯಿಂದಲೇ ನಂದಾಳ ಎರಡೂ ಮುಂಗೈ ಹಿಡಿದುಕೊಂಡಳು. ನಕ್ಕಳು, ನಗುತ್ತಲೇ ಕಣ್ಣೀರು ಬಂತು. “ನಾ ಎಂಥಾ ಹುಚ್ಚಿ ಅದೀನಿ ನೋಡು. ನನ್ನ ನಂದಿ ಹಿಂಗ ಮಾಡ್ತಾಳೇನು ಅಂತ ಒಂದು ಸಲನೂ ಅನಸ್ಲಿಲ್ಲಲ್ಲಾ ನನಗ. ಒಂದು ತಿಂಗಳು ನಿನ್ನ ಹೆಸರು ಹಿಡಿದು ಬೈದೀನಿ, ಗೊತ್ತದ ಏನು?”

ಇಲ್ಲಿಗೆ ಬಿಟ್ಟಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತು. ಇಬ್ಬರೂ ಉಂಡು, ಸಂಜೆಯ ರೈಲಿನವರೆಗೆ ಹರಟೆ ಹೊಡೆದು, ಬುತ್ತಿಯ ಪಾಳಿ ಮೊದಲಿನಂತೆ ನಡೆಯುತ್ತಿತ್ತು. ನಂದಾಳಿಗೆ ಅದು ಕೈಗೆಟಕುವಷ್ಟು ಹತ್ತಿರ ಕಂಡಿತು. ಆದರೆ ಊರ್ಮಿಳಾ ತನ್ನನ್ನೇ ಹುಚ್ಚಿ ಎಂದು ಬೈದುಕೊಳ್ಳುವುದನ್ನು ಅವಳಿಂದ ಕೇಳಲಾಗಲಿಲ್ಲ.

“ಬೊಟ್ಟು ಇರಲಿಲ್ಲ ಅನ್ನೂದು ನಾ ನೋಡಿದ್ದೆ.”

“ಏನು?”

“ಶ್ರಾವಣದಾಗನ ನೋಡಿದ್ದೆ. ಹಾಳಿ ಹತಗೊಂಡಾವೇನ ನೋಡ್ರಿ ಅಂತ ಮುಸ್ತಫಾನೂ ಹೇಳಿದ್ದ. ನೀ ಏನು ಕೇಳ್ತಿ ಅಂತ ನನಗ ಅಂಜಿಕಿ ಇತ್ತು. ಶೈಲಾನ ನಿಶ್ಚಯ ಇತ್ತು. ಮುಚ್ಚಿದ ಹಾಳಿ ಅಂದ್ಕೊಂಡ್ರ ಪಾರಾದೆ ಅನಿಸ್ತು.”

ಊರ್ಮಿಳಾ ಕೈ ಬಿಟ್ಟಳು. ಸೊಪ್ಪಿನ ಕಟ್ಟು ಎತ್ತಿಕೊಂಡು ಬಿಡಿಸತೊಡಗಿದಳು. ಒಂದು ಕಟ್ಟು ಮುಗಿಯಿತು, ಇನ್ನೊಂದು ಮುಗಿಯಿತು. ಒಳಗಿನಿಂದ ಯಾರೋ ಮರಾಠಿಯಲ್ಲಿ ಕೂಗಿದರು, ಅವಳು ಉತ್ತರ ಕೊಟ್ಟು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಕೊನೆಗೆ ಎದ್ದು ಹೋಗಿ, ಕೈ ತೊಳೆದು, ಒಂದು ಪೆನ್ನು ತಂದು ನಂದಾಳ ಮುಂದೆ ಇಟ್ಟಳು.

“ಬಾಯಿಲೆ ಹೇಳಿದ್ದು ಬ್ಯಾಡ. ಬರಿ.”

ನಂದಾ ಬರೆದಳು. ಹೇಳುವುದಕ್ಕಿಂತ ಬರೆಯುವುದು ಕಷ್ಟವಾಯಿತು. ನಾಲ್ಕು ಸಾಲಿಗೆ ಬೆವರಿದಳು. ಊರ್ಮಿಳಾ ನಿಂತುಕೊಂಡೇ ಓದಿದಳು.

“ಇದನ್ನ ಅಂಟಸ್ಲ್ಯಾ?” ಎಂದು ನಂದಾ ಕೇಳಿದಳು.

“ಬ್ಯಾಡ. ಇದು ತೆರದ ಇರ್ಲಿ.”

ಬುತ್ತಿಯನ್ನು ಅವಳು ತಿರುಗಿ ಕೊಡಲಿಲ್ಲ. ಊಟ ಬಡಿಸಿದಳು, ಹತ್ತಿರ ಕೂಡಲಿಲ್ಲ. ಹೊರಡುವಾಗ ತನ್ನ ಹೊಸ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು, “ಶೈಲಾನ ಲಗ್ನದ ತಾರೀಖು ಗೊತ್ತಾದ್ರ ತಿಳಸು,” ಎಂದಳು. ಅವಳು ಅಷ್ಟು ಮರ್ಯಾದೆಯಿಂದ ನಂದಾಳ ಜೊತೆ ಯಾವತ್ತೂ ಮಾತಾಡಿರಲಿಲ್ಲ.

ಸಂಜೆಯ ರೈಲು ಹಿಡಿದು, ಉಳಿದ ರಾತ್ರಿ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಕಳೆದು, ನಂದಾ ಮರುದಿನ ಮುಂಜಾನೆ ಕುಬಿಹಾಳ ಮುಟ್ಟಿದಳು. ದುಃಖದ ಒಳಗೇ ಒಂದು ಸಣ್ಣ ಹೆಮ್ಮೆಯೂ ಇತ್ತು, ಸುಳ್ಳು ಹೇಳಲಿಲ್ಲ ಎಂದು. ಪಡಸಾಲೆಯಲ್ಲಿ ಕಾಶಿನಾಥ ಚಹಾ ಕುಡಿಯುತ್ತಿದ್ದ. ಶೈಲಾ ಕಸ ಹೊಡೆಯುತ್ತಿದ್ದಳು. ಹೊಲಿಗೆಯ ಖೋಲಿಯ ಬಾಗಿಲು ತೆರೆದಿತ್ತು. ಅರಿವೆಯ ಗಂಟುಗಳನ್ನೆಲ್ಲ ಯಾರೋ ಒಂದು ಮೂಲೆಗೆ ಸರಿಸಿ, ಗೋಡೆಗೆ ಒಂದು ಮಂಚ ಹಾಕಿದ್ದರು.

“ಯಾವಾಗ ಬರ್ತಾಳಂತ?” ಎಂದಳು ನೀಲಕ್ಕ.

ನಂದಾ ಮಂಚ ನೋಡಿದಳು.

“ನಾ ಕೇಳಲೇ ಇಲ್ಲ ಅತ್ತಿ.”

“ಕೇಳಲಿಲ್ಲ? ಮತ್ತ ಅಲ್ಲಿಮಟ ಯಾಕ ಹೋಗಿದ್ದಿ?”

ಯಾಕೆ ಹೋಗಿದ್ದಳು? ತನ್ನ ತಪ್ಪು ಒಪ್ಪಿಸಿ, ತನ್ನ ಭಾರ ಇಳಿಸಿಕೊಂಡು ಬರಲು ಹೋಗಿದ್ದಳು. ಬರ್ಲ್ಯಾ ಎಂದು ಕೇಳಿದವಳ ಎದುರಿಗೆ ಮೂರು ತಾಸು ಕೂತು, ಎಲ್ಲ ಹೇಳಿ, ಬಾ ಎನ್ನುವ ಒಂದು ಮಾತು ಹೇಳದೆ ಎದ್ದು ಬಂದಿದ್ದಳು. ಆ ಹಾಳೆಗೆ ಉತ್ತರ ಇನ್ನೂ ಹೋಗಿರಲಿಲ್ಲ.

ನಂದಾ ಚೀಟಿ ತೆಗೆದು, ಅಲ್ಲೇ ಪಡಸಾಲೆಯಲ್ಲಿ, ಎಲ್ಲರ ನಡುವೆ ನಿಂತು ಫೋನು ಹಚ್ಚಿದಳು.

“ಊರ್ಮೀ, ನಾ. ಆ ಹಾಳಿ ಮಾತು ಉಳದಿತ್ತು.”

“ಬುತ್ತಿ ಮಾತು ಫೋನಿನ್ಯಾಗ ಆಡೂದಿಲ್ಲ ನಾವು,” ಎಂದಿತು ಆ ಕಡೆಯ ದನಿ.

“ಆಡ್ತೀನಿ. ಅತ್ತಿ, ಇವರು, ಶೈಲಾ ಎಲ್ಲಾರೂ ಇಲ್ಲೇ ಅದಾರ, ಕೇಳಲಿ. ಬಾ. ಒಂದು ತಿಂಗಳಲ್ಲ, ಇರೂಮಟ ಇರು. ಲಗ್ನಕ್ಕಿಂತ ಮುಂಚೇನ ಬಾ.”

ಆ ಕಡೆ ಪಾತ್ರೆಗಳ ಸಪ್ಪಳ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

“ಭಾಳ ತಡಾ ಆತು ನಂದೀ.”

“ಆತು.”

ಊರ್ಮಿಳಾ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. “ತಡಿ,” ಎಂದಳು, “ಪೆನ್ನು ತಗೋತೀನಿ. ಇದನ್ನ ತಾರೀಖು ಹಾಕಿ ಬರಕೋತೀನಿ.” ನಂದಾ ಫೋನನ್ನು ಕಿವಿಗೆ ಒತ್ತಿ ಹಿಡಿದು, ಮಿರಜದ ಆ ಖೋಲಿಯಲ್ಲಿ ಹಾಳೆಗಳನ್ನು ಒಂದೊಂದಾಗಿ ತಿರುವುವ ಸಪ್ಪಳ ಕೇಳುತ್ತ ನಿಂತಳು.